ಆರ್ನೋನ ಕೊಕ್ಕೆ

ವೆಟ್ಸ್ಲರ್
20 ಏಪ್ರಿಲ್ 1952

ಪ್ರೀತಿಯ ಅತ್ತೆಯವರಿಗೆ,

ಈಸ್ಟರ್ ಹಬ್ಬಕ್ಕೆಂದು ಕಳಿಸಿದ ಕಾಫಿ ಪುಡಿ ಯೇನಾಕ್ಕೆ ತಲುಪಿತೋ ಇಲ್ಲವೋ ಬರೆಯಿರಿ. ಹೋದ ಸಲದ್ದರಲ್ಲಿ ಅರ್ಧ ದಾರಿಯಲ್ಲೇ ಖಾಲಿಯಾಗಿತ್ತು ಎಂದಿದ್ದಿರಿ. ಈ ಸಲ ಚೀಲದ ಬಾಯಿಗೆ ಹೊಲಿಗೆ ಹಾಕಿದ್ದೇನೆ. ಹೊಲಿಗೆ ಬಿಚ್ಚಿದ್ದರೆ ಅದನ್ನೂ ತಿಳಿಸಿ.

ಎರಡು ವಾರದಿಂದ ಈ ಪತ್ರವನ್ನು ಬರೆಯುವುದು, ಹರಿಯುವುದು ನಡೆದಿದೆ. ಸುತ್ತಿ ಬಳಸಿದರೆ ನೀವು ಬೈಯುತ್ತೀರಿ, ನೇರವಾಗಿ ಹೇಳಿಬಿಡುತ್ತೇನೆ. ನಾನು ಇನ್ನೊಂದು ಮದುವೆಯಾಗಬೇಕೆಂದಿದ್ದೇನೆ. ಅವರ ಹೆಸರು ಬ್ರೂನೋ. ನಾನು ಮಸೂರ ಉಜ್ಜುವ ಕಾರ್ಖಾನೆಯಲ್ಲೇ ಅವರು ಸೂಕ್ಷ್ಮದರ್ಶಕಗಳಿಗೆ ಮರದ ಪೆಟ್ಟಿಗೆ ಮಾಡುತ್ತಾರೆ. ಯುದ್ಧದ ಕೊನೆಗೆ ಬ್ರೆಸ್ಲೌನಿಂದ ಓಡಿಬಂದವರು. ಹೆಂಡತಿ ಆ ದಾರಿಯಲ್ಲೇ ತೀರಿಕೊಂಡರಂತೆ. ಮಾತು ಕಡಿಮೆ, ಕುಡಿತವೂ ಕಡಿಮೆ.

ಆರ್ನೋ ಯುದ್ಧದಿಂದ ಕೊನೆಯ ಪತ್ರ ಬರೆದು ಎಂಟು ವರ್ಷವಾಗುತ್ತಾ ಬಂತು. ಸತ್ತನೆಂದು ಯಾರೂ ಹೇಳಿಲ್ಲ, ಬದುಕಿದ್ದಾನೆಂದೂ ಯಾರೂ ಹೇಳಿಲ್ಲ. ನಾನು ಗಡಿ ದಾಟಿ ಈ ಕಡೆ ಬರುವ ಮೊದಲು, ಪೂರ್ವದ ಸೆರೆಯಿಂದ ಬಿಟ್ಟುಬಂದವರ ರೈಲಿಗೆಲ್ಲ ನಾವಿಬ್ಬರೂ ಅವನ ಫೋಟೋ ಹಿಡಿದು ನಿಂತದ್ದು ನಿಮಗೆ ನೆನಪಿರಬೇಕು. ಕಾನೂನಿನ ಪ್ರಕಾರ ನಾನಿನ್ನೂ ಅವನ ಹೆಂಡತಿ. ಇಲ್ಲಿನ ಕೋರ್ಟಿಗೆ ಅರ್ಜಿ ಹಾಕಿದ್ದೇನೆ. ಅವನ ಸುದ್ದಿ ಗೊತ್ತಿರುವವರು ಡಿಸೆಂಬರ್ ಒಳಗೆ ತಿಳಿಸಬೇಕೆಂದು ಅವರು ಪ್ರಕಟಿಸುತ್ತಾರೆ. ಯಾರೂ ತಿಳಿಸದಿದ್ದರೆ ಸತ್ತನೆಂದು ತೀರ್ಮಾನ. ತಾಯಿಯಾದ ನಿಮ್ಮನ್ನೂ ಅಲ್ಲಿನ ಕಚೇರಿಗೆ ಕರೆಸಿ ಕೇಳುತ್ತಾರೆ. ಸುದ್ದಿಯಿಲ್ಲ ಎಂದಷ್ಟೇ ನೀವು ಹೇಳಬೇಕು. ಇರುವ ಮಾತೂ ಅದೇ ಅಲ್ಲವೇ.

ಅಷ್ಟು ಹೇಳುವುದು ನಿಮಗೆ ಎಷ್ಟು ಕಷ್ಟವೆಂದು ಬಲ್ಲೆ. ಬೇರೆ ಯಾರನ್ನು ಕೇಳಲಿ?

ನಿಮ್ಮ ಸೊಸೆ
ತೆಕ್ಲಾ

---

ಯೇನಾ
11 ಮೇ 1952

ತೆಕ್ಲಾ,

ಕಾಫಿ ಬಂತು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಾರೆ, ನಿನಗಿಂತ ನೀಟಾಗಿ. ಈ ಪತ್ರವನ್ನು ನಡುದಾರಿಯಲ್ಲಿ ಒಡೆದು ಓದುವ ಪುಣ್ಯಾತ್ಮನಿಗೆ ನನ್ನ ನಮಸ್ಕಾರ. ಕಾಫಿ ಹೇಗಿತ್ತಪ್ಪಾ?

ನಿನ್ನ ಬಡಗಿಯ ಮೇಲೆ ನನಗೆ ಸಿಟ್ಟಿಲ್ಲ, ನಿನ್ನ ಮೇಲೂ ಇಲ್ಲ. ಮೂವತ್ತು ದಾಟಿದ ಹೆಂಗಸು ಗೋಡೆ ನೋಡುತ್ತಾ ಕೂತಿರಲಿ ಎನ್ನುವಷ್ಟು ಕೆಟ್ಟವಳಲ್ಲ ನಾನು. ಚಳಿಗಾಲದಲ್ಲಿ ಕೇಳಿದ್ದರೆ ಅಳುತ್ತಲಾದರೂ ಸುದ್ದಿಯಿಲ್ಲ ಎಂದು ಬರೆದುಕೊಡುತ್ತಿದ್ದೆ. ಈಗ ಆಗುವುದಿಲ್ಲ. ಸುದ್ದಿ ಬಂದಿದೆ.

ಕೂತುಕೊಂಡು ಓದು. ಮಾರ್ಚ್ ತಿಂಗಳಲ್ಲಿ ನಮ್ಮ ಕಾರ್ಖಾನೆಯ ತಪಾಸಣೆ ಕೋಣೆಗೆ ಒಂದು ಪೆಟ್ಟಿಗೆ ಬಂತು. ಒಳಗೆ ಕೆಟ್ಟುಹೋದ ದುರ್ಬೀನುಗಳಿಂದ ಬಿಚ್ಚಿದ ಮಸೂರಗಳು. ಎಲ್ಲಿಂದ ಬಂತು ಎಂದು ಬರೆಯುವುದಿಲ್ಲ. ಪೂರ್ವದಿಂದ, ಬಹಳ ದೂರದಿಂದ, ಅಷ್ಟು ಸಾಕು. ಯಾವುದನ್ನು ಮತ್ತೆ ಉಜ್ಜಬೇಕು, ಯಾವುದು ಹಾಗೇ ನಡೆಯುತ್ತದೆ ಎಂದು ನೋಡಿ ಬೇರೆ ಮಾಡುವ ಕೆಲಸ ನನ್ನದು.

ನೀನು ಇದೇ ಕೋಣೆಯಲ್ಲಿ ಕೆಲಸಕ್ಕೆ ಸೇರಿದ ದಿನ ನೆನಪಿದೆಯಾ? ಒಂದು ಉಬ್ಬು ಮಸೂರ ಕೊಟ್ಟು, ಅದರ ಮೇಲೆ ತಾಳೆಗಾಜು ಇಟ್ಟೆ. ಮಸೂರದ ಉಬ್ಬಿಗೆ ಸರಿಯಾದ ತಗ್ಗಿರುವ, ಸರಿ ತಪ್ಪು ತಾಳೆ ನೋಡುವ ಗಾಜು. ಕಿಟಕಿಯ ಬೆಳಕಿಗೆ ಹಿಡಿದ ಕೂಡಲೇ ಬಣ್ಣದ ಉಂಗುರಗಳು ಒಂದರೊಳಗೊಂದು ಎದ್ದವು. ನೀನು "ಅಯ್ಯೋ, ಎಣ್ಣೆ ಚೆಲ್ಲಿದೆ" ಎಂದು ಲಂಗದಿಂದ ಒರೆಸಲು ಹೋದೆ. ಇಡೀ ಕೋಣೆ ನಕ್ಕಿತು. "ಎಣ್ಣೆ ಅಲ್ಲ ಕಣೇ ಹುಡುಗಿ, ಗಾಳಿ" ಎಂದೆ ನಾನು. ಎರಡು ಗಾಜಿನ ನಡುವೆ ಸಿಕ್ಕಿಕೊಂಡ ಗಾಳಿಯ ಪೊರೆ, ಕೂದಲೆಳೆಗಿಂತ ಎಷ್ಟೋ ತೆಳುವಾದದ್ದು. ಪೊರೆಯ ಮೇಲ್ಮೈಯಿಂದ ಒಂದು ಪಾಲು ಬೆಳಕು ವಾಪಸು ಬರುತ್ತದೆ, ತಳದಿಂದ ಇನ್ನೊಂದು ಪಾಲು ಕೊಂಚ ತಡವಾಗಿ ಬರುತ್ತದೆ. ಎರಡರ ಹೆಜ್ಜೆ ಕೂಡಿದ ಕಡೆ ಬೆಳಕು, ಹೆಜ್ಜೆ ತಪ್ಪಿದ ಕಡೆ ಒಂದನ್ನೊಂದು ತಿಂದು ಕತ್ತಲು. ನಡುವಿನಿಂದ ಅಂಚಿಗೆ ಪೊರೆ ಎಲ್ಲ ಕಡೆಯೂ ಒಂದೇ ಸಮನೆ ದಪ್ಪವಾಗುತ್ತಾ ಹೋದರೆ ಉಂಗುರ ದುಂಡಗೆ. ಮಸೂರದಲ್ಲಿ ಎಲ್ಲಾದರೂ ಡೊಂಕಿದ್ದರೆ ಉಂಗುರವೂ ಅಲ್ಲೇ ಡೊಂಕು. ಬೆರಳಿಗೆ ಸಿಗದ ತಪ್ಪನ್ನು ಉಂಗುರ ಹೇಳಿಬಿಡುತ್ತದೆ. ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೋ, ಮುಂದಿನ ಮಾತನ್ನು ತಡಮಾಡಲೆಂದಿರಬೇಕು.

ನಮ್ಮ ಆರ್ನೋನ ತಪ್ಪು ಯಾವುದೆಂದು ನಿನಗೆ ಗೊತ್ತು. ಉಜ್ಜುವಾಗ ಒಂದೇ ಕಡೆಗೆ ಭಾರ ಬಿಡುತ್ತಿದ್ದ. ಉಂಗುರಗಳೆಲ್ಲ ದುಂಡಗೆ ಬಂದು ಅಂಚಿನ ಹತ್ತಿರ ಒಂದು ಕಡೆ ಮಾತ್ರ ಮೀನಿನ ಗಾಳದ ಹಾಗೆ ಬಾಗುತ್ತಿದ್ದವು. ಮೇಸ್ತ್ರಿ ಹೆಲ್ಬಿಗ್ ಅದಕ್ಕೆ ಆರ್ನೋನ ಕೊಕ್ಕೆ ಎಂದೇ ಹೆಸರಿಟ್ಟಿದ್ದ. "ಸಹಿ ಹಾಕೋದು ಮರೀಬೇಡಪ್ಪೋ" ಎಂದು ಕೋಣೆಯ ಆ ತುದಿಯಿಂದ ಕೂಗುತ್ತಿದ್ದ.

ಆ ಪೆಟ್ಟಿಗೆಯ ಮಸೂರಗಳಲ್ಲಿ ಅದೇ ಕೊಕ್ಕೆಯಿದೆ, ತೆಕ್ಲಾ. ಒಂದರಲ್ಲಲ್ಲ, ಕೈಗೆತ್ತಿಕೊಂಡ ಒಂದೊಂದರಲ್ಲೂ ಇದೆ. ಅವನು ಅಲ್ಲೆಲ್ಲೋ ಯಾರದೋ ಕೈಕೆಳಗೆ ಕೂತು ಗಾಜು ಉಜ್ಜುತ್ತಿದ್ದಾನೆ. ಪತ್ರ ಬರೆಯಲು ಬಿಟ್ಟಿಲ್ಲ, ಹಾಗಾಗಿ ಹೀಗೆ ಬರೆದಿದ್ದಾನೆ.

ಈಗ ಹೇಳು, ಸುದ್ದಿಯಿಲ್ಲ ಎಂದು ನಾನು ಹೇಗೆ ಸಹಿ ಹಾಕಲಿ?

ನಿನ್ನ ಅತ್ತೆ
ಮಿನ್ನಾ

---

ವೆಟ್ಸ್ಲರ್
1 ಜೂನ್ 1952

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಪತ್ರವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಆಮೇಲೆ ಅಲ್ಲೇ ಕೂತೆ. ಮನೆಯೊಡತಿ ಬಂದು ನೀರು ಕೊಟ್ಟರು.

ನನಗೆ ಸಂತೋಷವಾಗಬೇಕಿತ್ತು. ಮೊದಲು ಆದದ್ದು ಹೆದರಿಕೆ. ಈ ಮಾತನ್ನು ಬಚ್ಚಿಟ್ಟರೆ ನಿಮಗೆ ಮುಖ ತೋರಿಸಲಾರೆ, ಆದ್ದರಿಂದ ಬರೆದಿದ್ದೇನೆ. ಅವನು ಹೊರಡುವಾಗ ನನಗೆ ಇಪ್ಪತ್ತಮೂರು. ಒಟ್ಟಿಗೆ ಬಾಳಿದ್ದು ಒಂದು ಚಳಿಗಾಲ, ಒಂದು ರಜೆ. ಈಗ ಅವನ ಮುಖ ನೆನಪು ಮಾಡಿಕೊಂಡರೆ ಆ ಫೋಟೋ ಮಾತ್ರ ಬರುತ್ತದೆ. ದನಿ ಬರುವುದೇ ಇಲ್ಲ. ಆದರೆ ನಿಮ್ಮ ಪತ್ರ ಬಂದ ಮೇಲೆ ಯಾರೇ ಮೆಟ್ಟಿಲು ಹತ್ತಿದರೂ ಅವನೇ ಅನಿಸುತ್ತದೆ. ನೆನ್ನೆ ಬಾಗಿಲು ತಟ್ಟಿದ ಶಬ್ದ ಕೇಳಿ ಬ್ರೂನೋ ಬಿಟ್ಟಿದ್ದ ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿದೆ. ಬಂದವನು ಕಲ್ಲಿದ್ದಲಿನವನು.

ಬ್ರೂನೋಗೆ ಎಲ್ಲ ಹೇಳಿದೆ. "ಅವ್ನು ಬಂದ್ರೆ ನನ್ನ ಸಾಮಾನು ಕಟ್ಕೊಂಡು ಹೋಗ್ತೀನಿ. ಪೆಟ್ಟಿಗೆ ಮಾಡೋದು ಹೆಂಗೂ ಬರುತ್ತೆ" ಎಂದರು. ತಮಾಷೆಗೆ ಹೇಳಿದರೋ ನಿಜವಾಗಿಯೋ ತಿಳಿಯಲಿಲ್ಲ.

ನಿಮಗೆ ಖಂಡಿತ ಗೊತ್ತೇ ಅತ್ತೆ? ಒಂದು ಕಡೆ ಭಾರ ಬಿಡುವವನು ಲೋಕದಲ್ಲಿ ಅವನೊಬ್ಬನೇ ಇರಲಾರ. ಹೆಲ್ಬಿಗ್ ಅವರಿಗೆ ಒಮ್ಮೆ ತೋರಿಸಿ. ಅವನ ಕೈಯನ್ನು ನಿಮ್ಮಷ್ಟೇ ಬಲ್ಲವರು ಅವರೊಬ್ಬರು.

ತೆಕ್ಲಾ

---

ಯೇನಾ
6 ಜುಲೈ 1952

ತೆಕ್ಲಾ,

ತೋರಿಸಿದೆ. ಹೆಲ್ಬಿಗ್ ಮಸೂರವನ್ನು ತನ್ನ ಮೇಜಿಗೆ ಒಯ್ದು, ಕನ್ನಡಕ ಏರಿಸಿ, ಇಳಿಸಿ, "ದುಂಡಗಿದೆಯಲ್ಲ ಮಿನ್ನಾ, ಕೊಕ್ಕೆ ಎಲ್ಲಿ?" ಎಂದ. ಅವನಿಗೆ ಅರವತ್ತಾಯಿತು, ಕಣ್ಣು ಹೋಗಿದೆ ಎಂದುಕೊಂಡೆ. ಆದರೆ ನಾನೂ ಅವನ ಭುಜದ ಮೇಲಿಂದ ಬಗ್ಗಿ ನೋಡಿದೆ. ಅವನ ಮೇಜಿನ ಮೇಲೆ ಆರ್ನೋ ಇರಲಿಲ್ಲ.

ನನ್ನ ಕೈಗೆ ಮಾತ್ರ ಬರುತ್ತಾನೆ. ಅದೂ ಒಮ್ಮೆಲೇ ಅಲ್ಲ. ಮೊದಲು ಉಂಗುರ ಯಾರದೋ ಗಾಜಿನಂತೆ ದುಂಡಗಿರುತ್ತದೆ. ನಾನು ಬಿಡುವುದಿಲ್ಲ, ಎಡಗೈಯಲ್ಲಿ ಎರಡೂ ಗಾಜನ್ನು ಸೇರಿಸಿ ಹಿಡಿದು ಕಿಟಕಿಯ ಬಳಿ ಕೂತಿರುತ್ತೇನೆ. ಹೊತ್ತು ಕಳೆದಂತೆ ಒಂದು ಕಡೆ ಉಂಗುರ ಅಲುಗಿ, ಸರಿದು, ಮೆಲ್ಲಗೆ ಬಾಗುತ್ತದೆ. ಬಾಗಿಲ ಸಂದಿಯಿಂದ ಒಳಗೆ ಬರಲೋ ಬೇಡವೋ ಎಂದು ನೋಡುವವರ ಹಾಗೆ. ಚಿಕ್ಕವನಿದ್ದಾಗ ತಪ್ಪು ಮಾಡಿ ಮನೆಗೆ ಬರುತ್ತಿದ್ದುದೂ ಹಾಗೆಯೇ.

ಇನ್ನೊಂದು ಮಾತು, ನಗಬೇಡ. ಅವನು ಯಾವಾಗಲೂ ನನ್ನ ಎಡಕ್ಕೇ ಬರುತ್ತಾನೆ. ಮಸೂರವನ್ನು ಹೇಗೆ ತಿರುಗಿಸಿ ಇಟ್ಟರೂ ಎಡಕ್ಕೇ. ಅವನ ಸ್ಟೂಲು ಇದ್ದದ್ದು ನನ್ನ ಎಡಗಡೆಯಲ್ಲಿ ತಾನೇ? ಈಗ ಅಲ್ಲಿ ಒಬ್ಬ ಹುಡುಗಿ ಕೂರುತ್ತಾಳೆ. ಅವಳು ಊಟಕ್ಕೆ ಎದ್ದು ಹೋದ ಮೇಲೆ ನಾನು ಮಾತಾಡುತ್ತೇನೆ. ಚೆರ್ರಿ ಹಣ್ಣು ಈ ವರ್ಷ ಹುಳಿ ಎಂದೆ. ನದಿಯ ಸೇತುವೆ ರಿಪೇರಿಯಾಯಿತು ಎಂದೆ. ನಿನ್ನ ಬಡಗಿಯ ವಿಷಯ ಹೇಳಿಲ್ಲ.

ಹೆದರಬೇಡ, ನನಗೆ ತಲೆ ಕೆಟ್ಟಿಲ್ಲ. ಎಂಟು ವರ್ಷದಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಮಾಡಿದ್ದೇ ಇಲ್ಲ. ಕಚೇರಿಯಿಂದ ಕರೆ ಬಂತು. ಜ್ವರ ಎಂದು ಹೇಳಿ ಕಳಿಸಿದೆ.

ಮಿನ್ನಾ

---

ವೆಟ್ಸ್ಲರ್
10 ಆಗಸ್ಟ್ 1952

ಅತ್ತೆ,

ನಾನು ಬಸುರಿ. ಜನವರಿಯಲ್ಲಿ ಹೆರಿಗೆ.

ನೀವು ಏನು ಅಂದುಕೊಂಡರೂ ತಲೆಬಾಗುತ್ತೇನೆ. ಆದರೆ ಇದನ್ನು ಓದಿ ಮುಗಿಸಿ. ಕಾನೂನು ಹೇಳುವ ವಕೀಲರ ಹತ್ತಿರ ಹೋಗಿದ್ದೆವು. ನಾನು ಆರ್ನೋನ ಹೆಂಡತಿಯಾಗಿರುವವರೆಗೆ ನನಗೆ ಹುಟ್ಟುವ ಮಗು ಆರ್ನೋನದೇ ಎಂದು ದಾಖಲಾಗುತ್ತದಂತೆ. ಬ್ರೂನೋ ಪಕ್ಕದಲ್ಲಿ ಕೂತಿದ್ದರು. ವಕೀಲರು ಅವರ ಕಡೆ ತಿರುಗಿ, "ಕಾನೂನಿನ ಕಣ್ಣಿಗೆ ತಾವು ಇಲ್ಲಿ ಯಾರೂ ಅಲ್ಲ ಸ್ವಾಮಿ" ಎಂದರು. ಬ್ರೂನೋ ಟೋಪಿ ತೆಗೆದುಕೊಂಡು ಹೊರಗೆ ಹೋಗಿ ನಿಂತರು.

ಎಂಟು ವರ್ಷದಿಂದ ಕಾಣದ ಮನುಷ್ಯನಿಗೆ ನಾನು ಮಗು ಹೆರಬೇಕೇ? ರಾತ್ರಿ ಹೊಟ್ಟೆಯಲ್ಲಿ ಅದು ಮಿಸುಕಿದಾಗ ಇದು ಯಾರದು ಎಂದು ನನಗೇ ದಿಗಿಲಾಗುತ್ತದೆ. ಯಾರದೆಂದು ನನಗೆ ಚೆನ್ನಾಗಿ ಗೊತ್ತಿದ್ದೂ ದಿಗಿಲಾಗುತ್ತದೆ. ಡಿಸೆಂಬರ್‌ನಲ್ಲಿ ಕೋರ್ಟು ತೀರ್ಮಾನ ಕೊಟ್ಟರೆ ಕೂಡಲೇ ಮದುವೆಯಾಗಬಹುದು, ಮಗು ತನ್ನ ಅಪ್ಪನ ಹೆಸರಿನಲ್ಲಿ ಹುಟ್ಟುತ್ತದೆ. ನೀವು ಸುದ್ದಿಯಿದೆ ಎಂದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ.

ನಿಮ್ಮನ್ನು ಸುಳ್ಳು ಹೇಳಿ ಎಂದು ಕೇಳುತ್ತಿಲ್ಲ. ನೀವು ನೋಡುತ್ತಿರುವುದು ನಿಜವೇ ಎಂದು ಮಾತ್ರ ಕೇಳುತ್ತಿದ್ದೇನೆ.

ತೆಕ್ಲಾ

---

ಯೇನಾ
24 ಆಗಸ್ಟ್ 1952

ತೆಕ್ಲಾ,

ನೀನು ಬಸುರಿಯೆಂದು ಓದಿ ನನಗೆ ಸಿಟ್ಟು ಬರಲಿಲ್ಲ. ಹಾಗಾದರೆ ಹಾಗೇ ಆಗಲಿ ಬಿಡು. ಮಗು ಆರ್ನೋನದೆಂದೇ ದಾಖಲಾಗಲಿ. ಅವನು ಬಂದಾಗ ಮನೆಯಲ್ಲಿ ಒಂದು ಮಗು ಓಡಾಡುತ್ತಿರುತ್ತದೆ. ಕಾನೂನೇ ಕೊಡುತ್ತೇನೆಂದಾಗ ಬೇಡವೆನ್ನಲು ನಾವು ಯಾರು?

ಅವನಿಗೆ ಹೇಳಿದೆ. ಈ ಸಲ ಬೇಗ ಬಂದ.

ಮಿನ್ನಾ

---

ಯೇನಾ
5 ಅಕ್ಟೋಬರ್ 1952

ಶ್ರೀಮತಿ ತೆಕ್ಲಾ ಅವರಿಗೆ,

ನಾನು ಮೇಸ್ತ್ರಿ ಹೆಲ್ಬಿಗ್. ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನೀನು ನಿನ್ನ ಅತ್ತೆಗೆ ಬರೆಯುವುದನ್ನು ನಿಲ್ಲಿಸಿದ್ದೀಯಂತೆ. ಅವಳೇ ಹೇಳಿದಳು, ಏನೂ ಆಗಿಲ್ಲವೆಂಬಂತೆ.

ಆ ದೂರದ ಪೆಟ್ಟಿಗೆಯನ್ನು ಅವಳು ಬಿಟ್ಟುಕೊಡುತ್ತಿಲ್ಲ. ಮೇಲಿನವರು ಮೂರು ಸಲ ಕೇಳಿದರು. ಇನ್ನೂ ಪರೀಕ್ಷೆ ಮುಗಿದಿಲ್ಲ ಎನ್ನುತ್ತಾಳೆ. ನಾನು ಅವಳ ಪರವಾಗಿ ಎರಡು ಸಲ ಸುಳ್ಳು ಹೇಳಿದೆ, ಇನ್ನು ನಡೆಯುವುದಿಲ್ಲ. ನಾಳೆ ಯಾರಾದರೂ ಬೇಕೆಂದೇ ಕೆಲಸ ಕೆಡಿಸುತ್ತಿದ್ದಾಳೆ ಎಂದು ಬರೆದರೆ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಕೈಯ ಬಿಸಿ ಗಾಜಿಗೆ ತಾಗಿದರೆ ರೂಲು ಕಟ್ಟಿಗೆಯಿಂದ ನಿಮ್ಮಂಥ ಹೊಸಬರ ಗೆಣ್ಣಿಗೆ ಹೊಡೆಯುತ್ತಿದ್ದವಳು ಅವಳು. ಈಗ ಅವಳೇ ದಿನವಿಡೀ ಗಾಜನ್ನು ಅಂಗೈಯಲ್ಲಿಟ್ಟು ಕೂರುತ್ತಾಳೆ, ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ. ನಾನು ಹತ್ತಿರ ಹೋದರೆ "ಸದ್ದು ಮಾಡ್ಬೇಡ, ಬರ್ತಾ ಇದ್ದಾನೆ" ಎನ್ನುತ್ತಾಳೆ. ಹೋದ ವಾರ ನಾನು ಅವಳ ಎಡಗಡೆಯ ಸ್ಟೂಲಿನಲ್ಲಿ ಕೂತೆ. "ಅಲ್ಲಿಂದ ಏಳು" ಎಂದಳು. ಎದ್ದೆ, ತೆಕ್ಲಾ. ಹಿಂದಿರುಗಿ ನೋಡಲು ಧೈರ್ಯವಾಗಲಿಲ್ಲ.

ನನ್ನ ಮಾತು ಕೇಳುವುದಿಲ್ಲ. ನಿನ್ನದು ಕೇಳಬಹುದು.

ಹೆಲ್ಬಿಗ್

---

ವೆಟ್ಸ್ಲರ್
19 ಅಕ್ಟೋಬರ್ 1952

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮೇಲೆ ಸಿಟ್ಟಿತ್ತು, ಅದಕ್ಕೇ ಬರೆಯಲಿಲ್ಲ. ನನ್ನ ಮಗುವನ್ನು ನಿಮ್ಮ ಮಗನಿಗೆ ಕೊಟ್ಟುಬಿಟ್ಟಿರಿ, ನನ್ನನ್ನು ಒಂದು ಮಾತೂ ಕೇಳದೆ. ಈಗಲೂ ಆ ಸಿಟ್ಟು ಪೂರ್ತಿ ಇಳಿದಿಲ್ಲ.

ಹೆಲ್ಬಿಗ್ ಬರೆದಿದ್ದರು. ಅವರನ್ನು ಬೈಯಬೇಡಿ. ಅವರ ಒಂದು ಸಾಲು ನನ್ನ ತಲೆಯಲ್ಲಿ ಕೂತಿತು. ಮಾರನೆಯ ದಿನ ಊಟದ ಬಿಡುವಿನಲ್ಲಿ ನಾನು ಒಂದು ಮಸೂರ ತೆಗೆದುಕೊಂಡೆ. ಅದೇ ಬೆಳಿಗ್ಗೆ ನಾನೇ ಉಜ್ಜಿದ್ದು, ಹೊಸ ಗಾಜಿನದು. ನಾನಲ್ಲದೆ ಬೇರೆ ಯಾರೂ ಅದನ್ನು ಉಜ್ಜಿಲ್ಲ. ಅದರ ಮೇಲೆ ತಾಳೆಗಾಜು ಇಟ್ಟು, ನೀವು ಬರೆದ ಹಾಗೆ ಎಡಗೈಯಲ್ಲಿ ಹಿಡಿದು ಕಿಟಕಿಯ ಬಳಿ ಕೂತೆ. ಉಂಗುರ ದುಂಡಗಿತ್ತು. ಕಾದೆ.

ಬಂದ, ಅತ್ತೆ. ಎಡಗಡೆಯಿಂದ, ಮೆಲ್ಲಗೆ, ನೀವು ಹೇಳಿದ ಹಾಗೆಯೇ. ಅದೇ ಕೊಕ್ಕೆ. ನನ್ನ ಮೈಯೆಲ್ಲ ಮುಳ್ಳೆದ್ದಿತು. "ಆರ್ನೋ" ಎಂದೆನಂತೆ, ಪಕ್ಕದವಳು "ಯಾರೇ ಅದು?" ಎಂದಳು. ಎಂಟು ವರ್ಷದಲ್ಲಿ ಮೊದಲ ಸಲ ಅವನ ದನಿ ನೆನಪಾಯಿತು. ಹೊಟ್ಟೆಯಲ್ಲಿ ಬ್ರೂನೋನ ಮಗು, ಕೈಯಲ್ಲಿ ಅವನು. ಕೆಳಗಿಡಲು ಮನಸ್ಸೇ ಬರಲಿಲ್ಲ. ನೀವು ಯಾಕೆ ಪೆಟ್ಟಿಗೆಯನ್ನು ಬಿಟ್ಟುಕೊಡುತ್ತಿಲ್ಲ ಎಂದು ಆಗ ತಿಳಿಯಿತು.

ಆಮೇಲೆ ಕೆಳಗಿಟ್ಟೆ. ಕಲ್ಲಿನ ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತೆ. ಗಾಜು ತಣ್ಣಗಾದಂತೆ ಕೊಕ್ಕೆ ಹಿಂದೆ ಸರಿಯುತ್ತಾ ಹೋಗಿ ಉಂಗುರ ದುಂಡಗಾಯಿತು. ಅವನು ಹೋದ.

ಇದು ನೀವೇ ಕಲಿಸಿದ ಪಾಠ. ಅಂಗೈಯ ಬಿಸಿಗೆ ಗಾಜು ಆ ಕಡೆ ಉಬ್ಬುತ್ತದೆ, ಉಬ್ಬಿದ ಕಡೆ ಗಾಳಿಯ ಪೊರೆ ಬದಲಾಗುತ್ತದೆ, ಉಂಗುರ ಬಾಗುತ್ತದೆ. ನಿಮ್ಮ ಜುಲೈ ಪತ್ರ ಮತ್ತೆ ಓದಿದೆ. ಮೆಲ್ಲಗೆ ಬರುತ್ತಾನೆ ಎಂದಿದ್ದೀರಿ. ಉಜ್ಜಿದವನ ತಪ್ಪು ಮೆಲ್ಲಗೆ ಬರುವುದಿಲ್ಲ, ಮೊದಲ ನೋಟಕ್ಕೇ ಇರುತ್ತದೆ. ಮಸೂರವನ್ನು ಹೇಗೆ ತಿರುಗಿಸಿದರೂ ಎಡಕ್ಕೇ ಬರುತ್ತಾನೆ ಎಂದಿದ್ದೀರಿ. ತಪ್ಪು ಮಸೂರದಲ್ಲಿದ್ದರೆ ಮಸೂರದ ಜೊತೆಗೇ ತಿರುಗಬೇಕು. ತಿರುಗದೆ ನಿಮ್ಮ ಎಡಕ್ಕೇ ನಿಂತರೆ ಅದು ನಿಮ್ಮ ಹೆಬ್ಬೆರಳ ಬುಡದ ಬಿಸಿ.

ನನ್ನ ಮಾತು ನಂಬಬೇಡಿ. ಬೆಳಗಿನ ಚಳಿಯಲ್ಲಿ ಗಾಜನ್ನು ಕಲ್ಲಿನ ಮೇಲಿಟ್ಟು, ಕೈ ದೂರವಿಟ್ಟು, ತಣಿಯಲು ಬಿಟ್ಟು ನೋಡಿ. ಆಮೇಲೆ ಮಸೂರವನ್ನು ತಿರುಗಿಸಿ. ಕೊಕ್ಕೆ ಅದರ ಜೊತೆ ತಿರುಗಿದರೆ ಅವನು ಬದುಕಿದ್ದಾನೆ. ಹಾಗಿದ್ದರೆ ಅದೇ ದಿನ ಅರ್ಜಿ ವಾಪಸು ಪಡೆಯುತ್ತೇನೆ. ಮಗು ಯಾರ ಹೆಸರಿನಲ್ಲಾದರೂ ಹುಟ್ಟಲಿ. ಬ್ರೂನೋ ಇದನ್ನು ಓದಿ ಸರಿ ಎಂದಿದ್ದಾರೆ. ಬಾಯಲ್ಲಿ ಹೇಳಲಿಲ್ಲ, ತಲೆಯಾಡಿಸಿದರು.

ಕೊಕ್ಕೆ ಇರದಿದ್ದರೆ ಕಚೇರಿಗೆ ಹೋಗಿ. ಆಗ ಹುಟ್ಟುವುದು ಗಂಡಾದರೆ ಆರ್ನೋ ಎಂದು ಹೆಸರಿಡುತ್ತೇನೆ. ಇದು ನಿಮ್ಮನ್ನು ಒಪ್ಪಿಸಲು ಹೇಳಿದ್ದಲ್ಲ, ನನ್ನ ಆಸೆ.

ನಿಮ್ಮ ಸೊಸೆ
ತೆಕ್ಲಾ

---

ಯೇನಾ
30 ನವೆಂಬರ್ 1952
ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟಿನ ಮೊದಲ ಭಾನುವಾರ

ತೆಕ್ಲಾ,

ನಿನ್ನ ಪತ್ರವನ್ನು ಓದಿದ ಕೂಡಲೇ ಒಲೆಗೆ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ, ಒಂದು ಸಾಲೂ ಮರೆಯಲಿಲ್ಲ. ನನ್ನ ಪಾಠವನ್ನು ನನಗೇ ಒಪ್ಪಿಸುವಷ್ಟು ದೊಡ್ಡವಳಾದಳೇ ಎಂದು ಬೈದೆ. ಕೈ ಬಿಸಿಯ ವಿಷಯ ನನಗೆ ಹೊಳೆದಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಹೊಳೆಯದಂತೆ ನೋಡಿಕೊಂಡಿದ್ದೆ. ತಿಂಗಳಿಡೀ ನಾಳೆ ನೋಡೋಣ ಎನ್ನುತ್ತಾ, ದಿನವೂ ಅವನನ್ನು ಕರೆಸಿಕೊಂಡೆ. ಅವನೂ ದಿನವೂ ಬಂದ.

ಮೊನ್ನೆ ಮಂಗಳವಾರ ಬೆಳಿಗ್ಗೆ, ಬೇರೆಯವರು ಬರುವ ಮೊದಲು, ಹೆಲ್ಬಿಗ್‌ನನ್ನು ಕರೆದೆ. ಒಲೆ ಇನ್ನೂ ಹಚ್ಚಿರಲಿಲ್ಲ, ಬಾಯಿಂದ ಹಬೆ ಬರುತ್ತಿತ್ತು. "ನೀನೇ ಇಡು, ನೀನೇ ತಿರುಗ್ಸು. ನನ್ನ ಕೈ ಜೇಬಲ್ಲಿರ್ತದೆ" ಎಂದೆ. ಅವನು ಚರ್ಮದ ಕೈಗವಸು ಹಾಕಿಕೊಂಡು ಚಿಮಟದಿಂದ ಒಂದೊಂದೇ ಮಸೂರ ಎತ್ತಿ ಕಲ್ಲಿನ ಮೇಲಿಟ್ಟ. ಇಬ್ಬರೂ ಕಾದೆವು. ಎಷ್ಟು ಹೊತ್ತಾದರೂ ಒಂದು ತಮಾಷೆ ಮಾಡಲಿಲ್ಲ ಆ ಮನುಷ್ಯ.

ದುಂಡಗೆ. ತಿರುಗಿಸಿದ, ದುಂಡಗೆ. ಇನ್ನೊಂದು, ಮತ್ತೊಂದು, ಪೆಟ್ಟಿಗೆ ಮುಗಿಯುವವರೆಗೂ. ಕೆಲವಕ್ಕೆ ಗೀರು ಬಿದ್ದಿತ್ತು, ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಕೊಕ್ಕೆ ಯಾವುದರಲ್ಲೂ ಇರಲಿಲ್ಲ. "ಒಳ್ಳೇ ಕೈ" ಎಂದ ಹೆಲ್ಬಿಗ್ ಕೊನೆಗೆ. "ಯಾರ್ದೋ ತುಂಬಾ ಒಳ್ಳೇ ಕೈ, ಮಿನ್ನಾ." ಹೌದು, ನಮ್ಮವನಿಗಿಂತ ಎಷ್ಟೋ ಚೆನ್ನಾಗಿ ಉಜ್ಜಿದ್ದ. ಅವನಿಗೂ ಒಬ್ಬಳು ತಾಯಿ ಇರಬೇಕು, ಮಗ ಸಂಜೆ ಮನೆಗೆ ಬರುವುದನ್ನು ಕಾಯುವವಳು. ಅವಳ ಮಗನ ಗಾಜನ್ನು ಒಂಬತ್ತು ತಿಂಗಳು ಅಪ್ಪಿಕೊಂಡು ಕೂತಿದ್ದೆ ನಾನು.

ಹೆಲ್ಬಿಗ್ ಒಲೆ ಹಚ್ಚಲು ಹೋದಾಗ ಒಂದು ಮಸೂರ ಕೈಗೆತ್ತಿಕೊಳ್ಳಬೇಕೆನಿಸಿತು. ಕೊನೆಯದಾಗಿ ಒಂದು ಸಲ. ಜೇಬಿನಿಂದ ಕೈ ತೆಗೆದೂ ಇದ್ದೆ. ಆದರೆ ಇನ್ನು ಬಂದರೆ ಅವನು ಬಂದದ್ದಲ್ಲ, ನಾನು ಎಳೆದು ತಂದದ್ದು. ಸತ್ತವನನ್ನು ಹಾಗೆ ಎಳೆಯಬಾರದು. ಪೆಟ್ಟಿಗೆಗೆ ಮುಚ್ಚಳ ಹಾಕಿಸಿದೆ. ಆಮೇಲೆ ಅತ್ತುಬಿಟ್ಟೆ. ನಲವತ್ತನಾಲ್ಕರಿಂದ ತಡೆದಿಟ್ಟದ್ದನ್ನೆಲ್ಲ ಅತ್ತು ಮುಗಿಸಿದೆ. ಎಡಗಡೆಯ ಸ್ಟೂಲಿನ ಹುಡುಗಿ ಬಂದು ಏನೂ ತಿಳಿಯದೆ ನನ್ನ ಬೆನ್ನು ಸವರಿದಳು.

ಶುಕ್ರವಾರ ಕಚೇರಿಗೆ ಹೋದೆ. ಮೀಸೆ ಇನ್ನೂ ಸರಿಯಾಗಿ ಮೂಡದ ಗುಮಾಸ್ತ. ಹೆಸರು, ಊರು ಎಲ್ಲ ಬರೆದುಕೊಂಡು, "ಮಗನ ಸುದ್ದಿ ಕೊನೇ ಸಲ ಯಾವಾಗ ಬಂತಜ್ಜಿ?" ಎಂದು ಕೇಳಿದ.

"ಮೊನ್ನೆ ಮಂಗಳವಾರ" ಎಂದೆ.

ಅವನು ಪೆನ್ನು ಎತ್ತಿ ನನ್ನ ಮುಖ ನೋಡಿದ. ಹಿಂದೆ ನಿಂತವರೂ ನೋಡಿದರು. ನಿನ್ನ ಮಗು ಆ ಹೊತ್ತಿನಲ್ಲಿ ನನ್ನ ನಾಲಿಗೆಯ ತುದಿಯಲ್ಲಿತ್ತು, ತೆಕ್ಲಾ.

"ಅಜ್ಜಿ, ಸರಿಯಾಗಿ ಹೇಳಿ. ಯಾವ ವರ್ಷ?"

"ನಲ್ವತ್ನಾಲ್ಕು ಅಂತ ಬರ್ಕೊ. ಜೂನ್ ತಿಂಗ್ಳು. ಆಮೇಲೆ ಏನೂ ಇಲ್ಲ" ಎಂದೆ.

ಅವನು ಬರೆದುಕೊಂಡ, ನಾನು ಸಹಿ ಹಾಕಿದೆ. ಕಾಗದ ನಿಮ್ಮ ಕೋರ್ಟಿಗೆ ಹೊರಟಿದೆ, ಹದಿನೈದು ದಿನದಲ್ಲಿ ಸಿಗುತ್ತದಂತೆ. ನಿನ್ನ ಬ್ರೂನೋಗೆ ಹೇಳು, ಮಗು ಅವನದು. ಆಗಸ್ಟ್‌ನಲ್ಲಿ ನಾನು ಬರೆದದ್ದನ್ನು ಅವನು ಓದಿದ್ದರೆ ಕ್ಷಮಿಸಲಿ, ಓದಿರದಿದ್ದರೆ ತೋರಿಸಬೇಡ. ಉಣ್ಣೆ ಸಿಕ್ಕಿದೆ, ಕಾಲುಚೀಲ ಹೆಣೆಯುತ್ತಿದ್ದೇನೆ. ಬಣ್ಣ ಮಾತ್ರ ಬೂದಿ, ಬೇರೆ ಸಿಗಲಿಲ್ಲ.

ಒಂದು ಮಾತು ನಡೆಸಿಕೊಡು. ಗಂಡಾದರೆ ಆರ್ನೋ ಎಂದು ಹೆಸರಿಡಬೇಡ. ನಾನು ಕರೆದರೆ ಇಬ್ಬರೂ ತಿರುಗಿ ನೋಡುತ್ತಾರೆ.

ನಿನ್ನ ಅತ್ತೆ
ಮಿನ್ನಾ